ಆಂಗ್ಲ ವ್ಯಾಕರಣದಲ್ಲಿ ಕಾಲವಾಚಕಗಳೂ ಕ್ರಿಯಾರ್ಥವೂ

ಕನ್ನಡ ಪಂಡಿತನು ಆಂಗ್ಲ ವ್ಯಾಕರಣದ ಮಾತನ್ನೆತ್ತುವುದು ಕೆಲವರಿಗೆ ಅಧಿಕಪ್ರಸಂಗವೆಂದು ತೋರಬಹುದು. ಆದರೆ ನಮ್ಮ ವಿದ್ಯಾರ್ಥಿಗಳ ಆಂಗ್ಲ ಬರವಣಿಗೆಯಲ್ಲಿ ಕಾಣುವ ದೋಷಗಳಲ್ಲಿ ಒಂದು ವರ್ಗದವು ಕನ್ನಡದ ನುಡಿಗಟ್ಟಿನಿಂದಲೇ ಹುಟ್ಟಿದವು. ಅವುಗಳ ಬೇರನ್ನು ತೋರಿಸುವ ಹೊಣೆ ಕನ್ನಡ ಬಲ್ಲವನ ಮೇಲೂ ಇದೆ. ‘ನಿನ್ನೆ’, ‘ನಾಳೆ’, ‘ಹತ್ತು ವರ್ಷಗಳಿಂದ’, ‘ಒಂದು ತಿಂಗಳಲ್ಲಿ’ ಮುಂತಾದ ಕಾಲವಾಚಕಗಳು ಕ್ರಿಯಾಪದದೊಡನೆ ಕೂಡಿದಾಗ ಅರ್ಥದಲ್ಲಿ ಆಗುವ ವ್ಯತ್ಯಾಸವೇ ಪ್ರಕೃತ ಲೇಖನದ ವಿಷಯ.

ಮೊದಲು ಕಾಲವನ್ನೂ ಕ್ರಿಯೆಯ ಅವಸ್ಥೆಯನ್ನೂ ಬೇರ್ಪಡಿಸಿಕೊಳ್ಳಬೇಕು. ‘ಓದಿದನು’, ‘ಓದುತ್ತಿದ್ದನು’, ‘ಓದಿದ್ದನು’ ಈ ಮೂರೂ ಭೂತಕಾಲದವೇ. ಒಂದರಲ್ಲಿ ಕ್ರಿಯೆ ಇಡಿಯಾಗಿ ಕಾಣುತ್ತದೆ, ಇನ್ನೊಂದರಲ್ಲಿ ನಡೆಯುತ್ತಿರುವಂತೆ, ಮತ್ತೊಂದರಲ್ಲಿ ಮೊದಲೇ ಮುಗಿದಿದ್ದಂತೆ. ಆಂಗ್ಲರು ‘ಆಸ್ಪೆಕ್ಟ್’ ಎನ್ನುವುದು ಈ ಅವಸ್ಥೆಯನ್ನೇ. ಜೊತೆಗೂಡಿದ ಒಂದು ಸಣ್ಣ ಪದ ಕ್ರಿಯೆಯ ಅರ್ಥವನ್ನು ತಿರುಗಿಸಬಲ್ಲದೆಂಬುದೂ ನಮಗೆ ಹೊಸದಲ್ಲ. ಸಂಸ್ಕೃತದಲ್ಲಿ ವರ್ತಮಾನ ಕ್ರಿಯೆಗೆ ‘ಸ್ಮ’ ಸೇರಿದರೆ ಭೂತಾರ್ಥ ಬರುವುದನ್ನು ಬಲ್ಲೆವಷ್ಟೆ.

‘ನಿನ್ನೆಯೇ ಅರ್ಜಿ ಕಳುಹಿಸಿದ್ದೇನೆ’ ಎಂಬುದು ನಿರ್ದುಷ್ಟವಾದ ಕನ್ನಡ. ಇದನ್ನೇ ‘ಐ ಹ್ಯಾವ್ ಸೆಂಟ್ ದಿ ಅಪ್ಲಿಕೇಶನ್ ಯೆಸ್ಟರ್‌ಡೇ’ ಎಂದರೆ ಆಂಗ್ಲದಲ್ಲಿ ದೋಷ. ಅಲ್ಲಿ ‘ಹ್ಯಾವ್’ ಕೂಡಿದ ರೂಪವು ಮುಗಿದ ಕ್ರಿಯೆಯನ್ನು ಇಂದಿನೊಡನೆ ಬಿಗಿಯುತ್ತದೆ. ‘ಯೆಸ್ಟರ್‌ಡೇ’ ಎಂಬುದು ಬಾಗಿಲು ಮುಚ್ಚಿದ ಕಾಲ. ಎರಡಕ್ಕೂ ಹೊಂದಿಕೆಯಿಲ್ಲ, ‘ಐ ಸೆಂಟ್’ ಎಂದೇ ಹೇಳಬೇಕು. ‘ದಿಸ್ ಮಾರ್ನಿಂಗ್’ ಎಂಬುದರ ನಡತೆ ಇನ್ನೂ ಸ್ವಾರಸ್ಯಕರ. ಬೆಳಗಿನ ಹತ್ತು ಗಂಟೆಗೆ ಮಾತನಾಡುವವನು ‘ಐ ಹ್ಯಾವ್ ರಿಟನ್ ಟೂ ಲೆಟರ್ಸ್ ದಿಸ್ ಮಾರ್ನಿಂಗ್’ ಎನ್ನಬಹುದು. ಅದೇ ಮಾತನ್ನು ಸಂಜೆ ಆಡುವಾಗ ‘ಐ ರೋಟ್’ ಎನ್ನುವುದು ಕ್ರಮ. ಬೆಳಗು ಮುಗಿಯಿತೆ ಇಲ್ಲವೆ ಎಂಬುದೇ ಕ್ರಿಯಾರೂಪವನ್ನು ನಿರ್ಣಯಿಸುತ್ತದೆ. ಇಂದಿನದಲ್ಲದ ಭೂತಕ್ಕೆ ಲಙ್ ಎಂಬ ಪ್ರತ್ಯೇಕ ಲಕಾರವನ್ನು ವಿಧಿಸಿದ ಪಾಣಿನಿಯನ್ನು ಓದಿದವರಿಗೆ ಈ ಸೂಕ್ಷ್ಮ ತೀರ ಅಪರಿಚಿತವೆನಿಸದು.

‘ನಾಳೆ’ಯ ವಿಷಯದಲ್ಲಿ ತೊಡಕು ಕಡಿಮೆ. ‘ನಾಳೆ ಆರಕ್ಕೆ ರೈಲು ಹೊರಡುತ್ತದೆ’ ಎಂಬಂತೆ ಆಂಗ್ಲದಲ್ಲೂ ‘ದಿ ಟ್ರೈನ್ ಲೀವ್ಸ್ ಅಟ್ ಸಿಕ್ಸ್ ಟುಮಾರೋ’ ಎನ್ನುತ್ತಾರೆ. ಆದರೆ ಇದು ಮೊದಲೇ ಗೊತ್ತುಮಾಡಿದ ಕಾರ್ಯಗಳಿಗೆ ಮಾತ್ರ. ಮಳೆಗೆ ವೇಳಾಪಟ್ಟಿಯಿಲ್ಲವಾದ್ದರಿಂದ ‘ಇಟ್ ರೇನ್ಸ್ ಟುಮಾರೋ’ ಎನ್ನಲಾಗದು.

ಹೆಚ್ಚಿನ ಹಾನಿ ಆಗುತ್ತಿರುವುದು ‘ಇಂದ’ ಪ್ರತ್ಯಯದ ದೆಸೆಯಿಂದ. ‘2015ರಿಂದ’, ‘ಹತ್ತು ವರ್ಷಗಳಿಂದ’ ಎಂದು ಆರಂಭದ ಬಿಂದುವಿಗೂ ಅವಧಿಯ ಅಳತೆಗೂ ನಾವು ಒಂದೇ ಪ್ರತ್ಯಯವನ್ನು ಹಚ್ಚುತ್ತೇವೆ. ಆಂಗ್ಲದಲ್ಲಿ ಬಿಂದುವಿಗೆ ‘ಸಿನ್ಸ್’, ಅಳತೆಗೆ ‘ಫಾರ್’. ಆದುದರಿಂದಲೇ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಎಂಬ ವಾಕ್ಯದಲ್ಲಿ ತಪ್ಪು ಎರಡು; ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೆನ್ ಇಯರ್ಸ್’ ಎಂಬುದು ಸಾಧುರೂಪ. ಹೀಗಿದ್ದರೂ ಅದು ಕಿವಿಗೆ ಕಟುವಾದ ತಪ್ಪೇ ಹೊರತು ಅರ್ಥ ಕೆಡುವುದಿಲ್ಲ. ಇದಕ್ಕಿಂತ ಅಪಾಯಕರವಾದುದು ವ್ಯಾಕರಣಶುದ್ಧವಾಗಿಯೇ ಇರುವ ‘ಐ ವರ್ಕ್ಡ್ ಹಿಯರ್ ಫಾರ್ ಟೆನ್ ಇಯರ್ಸ್’. ನೌಕರಿಯ ಅರ್ಜಿಯಲ್ಲಿ ಹೀಗೆ ಬರೆದವನು ಆ ಕೆಲಸವನ್ನು ಬಿಟ್ಟಿದ್ದಾನೆಂದೇ ಓದುವವನು ತಿಳಿಯುತ್ತಾನೆ. ಹಳ್ಳಿಯಿಂದ ಬಂದು ವಿದ್ಯಾರ್ಥಿನಿಲಯದಲ್ಲಿ ಉಂಡು ಓದಿದ ಹುಡುಗನೊಬ್ಬನ ಅನ್ನದ ದಾರಿ ಇಂತಹ ಒಂದು ಕ್ರಿಯಾರೂಪದಿಂದ ಮುಚ್ಚಿಹೋಗಬಾರದು.

ಇನ್ನು ‘ಫಾರ್’, ‘ಇನ್’ಗಳ ಭೇದ. ‘ಹಿ ರೆಡ್ ದಿ ಬುಕ್ ಫಾರ್ ಎ ಮಂತ್’ ಎಂದರೆ ತಿಂಗಳುದ್ದಕ್ಕೂ ಓದು ನಡೆಯಿತು, ಪುಸ್ತಕ ಮುಗಿಯಿತೆಂಬ ಭರವಸೆಯಿಲ್ಲ. ‘ಇನ್ ಎ ಮಂತ್’ ಎಂದರೆ ಮುಗಿಯಿತು. ಕ್ರಿಯಾಪದ ಎರಡರಲ್ಲೂ ಒಂದೇ. ಫಲಸಿದ್ಧಿಯನ್ನು ತಿಳಿಸುವುದು ಕಾಲವಾಚಕ. ಜೀನೋ ವೆಂಡ್ಲರ್ ಎಂಬ ತತ್ತ್ವಶಾಸ್ತ್ರಜ್ಞನು 1957ರ ಪ್ರಸಿದ್ಧ ಲೇಖನವೊಂದರಲ್ಲಿ ಕ್ರಿಯಾಪದಗಳನ್ನು ಸ್ಥಿತಿ, ವ್ಯಾಪಾರ, ಅಂತ್ಯವುಳ್ಳ ಕಾರ್ಯ, ಕ್ಷಣದಲ್ಲಿ ಘಟಿಸುವ ಸಿದ್ಧಿ ಎಂದು ನಾಲ್ಕಾಗಿ ವಿಂಗಡಿಸಿದನು. ಅಲ್ಲಿಯೂ ಇಂತಹ ಕಾಲವಾಚಕಗಳೇ ಒರೆಗಲ್ಲು. ಮನೆ ಕಟ್ಟುವುದಕ್ಕೆ ಕೊನೆಯುಂಟು, ‘ಇನ್’ ಒಪ್ಪುತ್ತದೆ. ನಿದ್ರಿಸುವುದಕ್ಕೆ ತನ್ನದೇ ಆದ ಗುರಿಯಿಲ್ಲ, ‘ಹಿ ಸ್ಲೆಪ್ಟ್ ಇನ್ ಆನ್ ಅವರ್’ ಎಂಬುದು ಸಲ್ಲದು. ‘ಗೆಸ್ಟ್ಸ್ ಅರೈವ್ಡ್ ಫಾರ್ ಟೂ ಅವರ್ಸ್’ ಎಂದರೆ ಅತಿಥಿಗಳು ಒಬ್ಬರಾದ ಮೇಲೊಬ್ಬರಂತೆ ಎರಡು ಗಂಟೆಯ ಕಾಲ ಬರುತ್ತಲೇ ಇದ್ದರೆಂದು ಅರ್ಥ.

ವೆಂಡ್ಲರನ ವಿವೇಚನೆ ಮೆಚ್ಚತಕ್ಕುದೇ. ಆದರೆ ಅದರ ತಿರುಳು ಅಷ್ಟಾಧ್ಯಾಯಿಯ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಅಕ್ಕಪಕ್ಕದ ಎರಡು ಸೂತ್ರಗಳಲ್ಲಿ ಅಡಗಿದೆಯೆಂಬುದನ್ನು ನಮ್ಮ ಅಧ್ಯಾಪಕರು ಗಮನಿಸಬೇಕು. ಕಾಲದೊಡನೆ ಕ್ರಿಯೆಗೆ ಎಡೆಬಿಡದ ಸಂಬಂಧವಿದ್ದಲ್ಲಿ ದ್ವಿತೀಯಾ; ಫಲವೂ ದೊರೆತಿದ್ದಲ್ಲಿ ತೃತೀಯಾ. ‘ಮಾಸಂ’ ಓದಿದವನಿಗೆ ಪಾಠ ಹತ್ತಿತೋ ಇಲ್ಲವೋ ತಿಳಿಯದು. ‘ಮಾಸೇನ’ ಓದಿದವನಿಗೆ ಪಾಠ ಕೈವಶ. ಕನ್ನಡದ ‘ತಿಂಗಳು ಓದಿದನು’, ‘ತಿಂಗಳಲ್ಲಿ ಓದಿದನು’ ಎಂಬಲ್ಲಿಯೂ ಇದೇ ಭೇದ. ಇದನ್ನು ಕನ್ನಡದಲ್ಲಿ ಮೊದಲು ಮನಗಾಣಿಸಿದರೆ ಆಂಗ್ಲದ ಪಾಠ ಬಾಯಿಪಾಠದ ಹೊರೆಯಿಲ್ಲದೆ ತಾನಾಗಿ ಹಿಡಿಸುತ್ತದೆ. ‘ಬೈ ಮಂಡೇ’, ‘ಅಂಟಿಲ್ ಮಂಡೇ’ಗಳಿಗೂ ‘ಸೋಮವಾರದೊಳಗೆ’, ‘ಸೋಮವಾರದವರೆಗೆ’ ಎಂಬ ಸರಿಜೋಡಿ ನಮ್ಮಲ್ಲಿ ಸಿದ್ಧವಾಗಿಯೇ ಇದೆ.

ಕಡೆಯದಾಗಿ ‘ಆಲ್ವೇಸ್’. ಬೀಳ್ಕೊಡುಗೆಯ ಬಿನ್ನವತ್ತಳೆಗಳಲ್ಲಿ ‘ಅವರ್ ಹೆಡ್‌ಮಾಸ್ಟರ್ ಈಸ್ ಆಲ್ವೇಸ್ ಗಿವಿಂಗ್ ಅಸ್ ಅಡ್ವೈಸ್’ ಎಂದು ಭಕ್ತಿಯಿಂದ ಬರೆಯುವ ಹುಡುಗರುಂಟು. ನಡೆಯುತ್ತಿರುವ ಅವಸ್ಥೆಯ ಕ್ರಿಯೆಗೆ ‘ಆಲ್ವೇಸ್’ ಸೇರಿದರೆ ಬಹುಮಟ್ಟಿಗೆ ಬೇಸರದ ಧ್ವನಿ ಹೊರಡುತ್ತದೆ: ಮುಖ್ಯೋಪಾಧ್ಯಾಯರು ಸದಾ ಉಪದೇಶ ಮಾಡಿ ತಲೆ ತಿನ್ನುತ್ತಾರೆಂದು! ಸನ್ಮಾನಕ್ಕೆ ‘ಆಲ್ವೇಸ್ ಗಿವ್ಸ್’ ಎಂದರೆ ಸಾಕು.