ಆಸರೆ ಊರ ಹತ್ತಿರವೇ ಇರಲಿ

ಮಲೆನಾಡಿನ ಎಷ್ಟೋ ತೋಟದ ಮನೆಗಳಲ್ಲಿ ಈಗ ಇರುವುದು ಎಪ್ಪತ್ತು ದಾಟಿದ ಗಂಡ-ಹೆಂಡತಿ ಇಬ್ಬರೇ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ. ಅಡಿಕೆ ದುಡ್ಡಿದೆ, ನಡುರಾತ್ರಿ ಎದೆನೋವು ಬಂದರೆ ಜೀಪು ಹೊರಡಿಸುವವರಿಲ್ಲ. ಯಾದಗಿರಿ, ರಾಯಚೂರು ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಮಗ-ಸೊಸೆ ಗುಳೆ ಹೋಗುತ್ತಾರೆ. ಉಳಿದ ಮುದುಕಿಯನ್ನು ಯಾರಾದರೂ ನೋಡಿಕೊಳ್ಳುವ ಮಾತು ಹಾಗಿರಲಿ, ಮೊಮ್ಮಕ್ಕಳನ್ನು ಆಕೆಯೇ ನೋಡಿಕೊಳ್ಳಬೇಕು.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅರವತ್ತು ದಾಟಿದವರು 10 ಕೋಟಿಗೂ ಹೆಚ್ಚು. ಅವರಲ್ಲಿ ನೂರಕ್ಕೆ 71 ಮಂದಿ ಹಳ್ಳಿಯವರು. ಆದರೂ ವೃದ್ಧಾಶ್ರಮ ಎಂದೊಡನೆ ಕಣ್ಣಿಗೆ ಬರುವುದು ಪೇಟೆಯ ಅಂಚಿನ ಕಟ್ಟಡ. ಕಾನೂನು ನೋಡಿದ್ದೂ ಹಾಗೆಯೇ. ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆಯ 19ನೇ ಕಲಂ, ಜಿಲ್ಲೆಗೆ ಒಂದರಂತೆ ಆರಂಭಿಸಿ ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಆಶ್ರಮ ತೆರೆಯುವ ಅವಕಾಶವನ್ನು ರಾಜ್ಯ ಸರ್ಕಾರಗಳಿಗೆ ಕೊಟ್ಟಿದೆ. ಕಡ್ಡಾಯ ಮಾಡಿಲ್ಲ. ಅದೇ ಕಾಯ್ದೆಯಡಿ ತಾಯಿ-ತಂದೆ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಿ ತಿಂಗಳಿಗೆ ಗರಿಷ್ಠ 10,000 ರೂಪಾಯಿ ಜೀವನಾಂಶ ಕೇಳಬಹುದು. ನಾಳೆ ಬೆಳಿಗ್ಗೆ ಅದೇ ಮನೆಯ ರೊಟ್ಟಿ ತಿನ್ನಬೇಕಾದ ತಾಯಿ ಮಗನ ಮೇಲೆ ಅರ್ಜಿ ಬರೆಸುವುದು ಎಲ್ಲಿ ಬಂತು?

ಜಿಲ್ಲಾ ಕೇಂದ್ರದ ದೊಡ್ಡ ಆಶ್ರಮ ಬೇಡವೆಂದಲ್ಲ. ಬೀದಿಯಲ್ಲಿ ಬಿದ್ದವರಿಗೆ ಅದು ಬೇಕೇ ಬೇಕು. ಆದರೆ ಹಳ್ಳಿಯ ಅಜ್ಜಿಗೆ ಅಲ್ಲಿಗೆ ಹೋಗುವುದೆಂದರೆ ಹಟ್ಟಿಯ ದನ, ಮಾರಿಗುಡಿ, ಸಂತೆ ದಿನ, ಪಕ್ಕದ ಮನೆಯ ಮಾತು ಎಲ್ಲವನ್ನೂ ಒಂದೇ ದಿನ ಬಿಟ್ಟುಕೊಟ್ಟಂತೆ. ಬಸ್ಸಿನ ದೂರ ಹೆಚ್ಚಿದಷ್ಟೂ ನೋಡಲು ಬರುವವರು ಕಡಿಮೆ. ಮಗನಿಗೂ ‘ತಾಯಿಯನ್ನು ಆಶ್ರಮಕ್ಕೆ ತಳ್ಳಿದ’ ಎಂಬ ಹೆಸರು ಅಂಟುತ್ತದೆ. ಆ ಭಯಕ್ಕೇ ಎಷ್ಟೋ ಮನೆಗಳು ಸಹಾಯ ಕೇಳದೆ, ಒಳಗೇ ಒದ್ದಾಡುತ್ತವೆ.

ಆ ಒದ್ದಾಟ ಹೇಗಿರುತ್ತದೆಂದು ಬಿಡಿಸಿ ಹೇಳಬೇಕು. ಲಕ್ವ ಹೊಡೆದು ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಗಂಜಿ ಕುಡಿಸುವಾಗ ತಲೆ ಎತ್ತಿ ಹಿಡಿಯದಿದ್ದರೆ ಶ್ವಾಸನಾಳಕ್ಕೆ ಹೋಗುತ್ತದೆ. ಮರೆವಿನ ಕಾಯಿಲೆ ಬಂದ ಅಜ್ಜ ಬಾಗಿಲು ತೆರೆದು ಹೊರಟರೆ ಕೆರೆಯೋ ಹೈವೇಯೋ ಗೊತ್ತಾಗದು. ಇವೆಲ್ಲ ಬೀಳುವುದು ಒಬ್ಬ ಹೆಂಗಸಿನ ಮೇಲೆ, ಸಾಮಾನ್ಯವಾಗಿ ಸೊಸೆಯ ಮೇಲೆ. ಆಕೆಗೆ ಹೊಲದ ಕೂಲಿಯೂ ಇದೆ. ಯಾರೂ ಆಕೆಗೆ ಮಗ್ಗುಲು ಬದಲಿಸುವುದನ್ನು ಕಲಿಸಿಲ್ಲ. ಅತ್ತೆಗೆ ಹುಣ್ಣಾದರೆ ಬೈಗುಳ ಮಾತ್ರ ಆಕೆಗೇ. ಇದು ಅನ್ಯಾಯ.

ನೆರೆಯ ಕೇರಳ ಇಲ್ಲಿ ಬೇರೆ ದಾರಿ ಹಿಡಿಯಿತು. 1993ರಲ್ಲಿ ಕಲ್ಲಿಕೋಟೆಯಲ್ಲಿ ನೋವು ನಿವಾರಣೆ ಮತ್ತು ಉಪಶಾಮಕ ಆರೈಕೆಯ ಸಂಸ್ಥೆಯೊಂದು ಹುಟ್ಟಿತು. ಅದರ ಕೆಲಸ ಮಲಪ್ಪುರಂನಂಥ ಜಿಲ್ಲೆಗಳ ಹಳ್ಳಿಗಳಿಗೆ ಹಬ್ಬಿದ್ದು ಊರವರೇ ತರಬೇತಿ ಪಡೆದು ಸ್ವಯಂಸೇವಕರಾದದ್ದರಿಂದ. 2008ರಲ್ಲಿ ರಾಜ್ಯ ಸರ್ಕಾರ ಇದಕ್ಕೊಂದು ನೀತಿಯನ್ನೇ ತಂದಿತು. ಪಂಚಾಯಿತಿಗಳು ಜವಾಬ್ದಾರಿ ಹೊತ್ತವು. ನರ್ಸ್ ಮನೆಬಾಗಿಲಿಗೆ ಬಂದು ಹುಣ್ಣು ತೊಳೆಯುತ್ತಾರೆ, ಮನೆಯವರಿಗೂ ಕಲಿಸುತ್ತಾರೆ. ಹಗಲಿನ ಹೊತ್ತು ಹಿರಿಯರು ಕೂಡುವ ‘ಪಗಲ್‌ವೀಡು’ಗಳೂ ಅಲ್ಲಿವೆ.

ನಮ್ಮಲ್ಲಿ ಇದಕ್ಕೆ ಬೇಕಾದ ಬುದ್ಧಿ ಇಲ್ಲವೇ? ಇದೆ. ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯಲು ಹೊರಟವರು ನಾವೇ. ಅದೇ ಊರಿನ ಅಜ್ಜ-ಅಜ್ಜಿಯರಿಗೂ ಒಂದು ಹಗಲು ಮನೆ ಯಾಕಾಗಬಾರದು? ಮಕ್ಕಳಿಲ್ಲದೆ ಮುಚ್ಚಿದ ಸರ್ಕಾರಿ ಶಾಲೆಗಳ ಕಟ್ಟಡಗಳಿವೆ. ಬಿಸಿಯೂಟ ಬೇಯಿಸಿ ಕೈ ಪಳಗಿದ ಅಡುಗೆಯವರಿದ್ದಾರೆ. ಹಗಲು ಊಟ, ವಾರಕ್ಕೊಮ್ಮೆ ಬಿಪಿ-ಶುಗರ್ ತಪಾಸಣೆ, ಮಾತಿಗೆ ಜನ; ಹೋಬಳಿಗೊಂದು ಕಡೆ, ಹಾಸಿಗೆ ಹಿಡಿದವರಿಗೆ ಹತ್ತು ಮಂಚ. ಗುಳೆ ಹೋಗುವ ಮಗ ಆರು ತಿಂಗಳು ತಾಯಿಯನ್ನು ಅಲ್ಲಿ ಬಿಟ್ಟು, ಬಂದ ಮೇಲೆ ಮನೆಗೆ ಕರೆದೊಯ್ಯಬಹುದು. ಹೀಗೆ ಹೋಗಿ ಬರುವ ದಾರಿ ಇದ್ದರೆ ‘ತಳ್ಳಿದ’ ಎಂಬ ಮಾತು ಹುಟ್ಟುವುದಿಲ್ಲ.

ಹಣದ ಮಾತು ಬಿಟ್ಟರೆ ಇದೆಲ್ಲ ಹಾರೈಕೆಯಾಗುತ್ತದೆ. ವೃದ್ಧಾಪ್ಯ ಪಿಂಚಣಿಯಲ್ಲಿ ಎಂಬತ್ತು ತುಂಬದವರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. ಎಷ್ಟೋ ವರ್ಷಗಳಿಂದ ಅದು ಕದಲಿಲ್ಲ. ರಾಜ್ಯದ ಸಂಧ್ಯಾ ಸುರಕ್ಷಾ 1,200 ರೂಪಾಯಿ ಕೊಡುತ್ತದೆ. ಮಾತ್ರೆಗೇ ಅದು ಸಾಲದು, ನೋಡಿಕೊಳ್ಳುವವರ ಸಂಬಳ ಅದರಿಂದ ಹೊರಡುವುದಿಲ್ಲ. ಆ ಸಂಬಳವನ್ನು ಸರ್ಕಾರವೇ ಕೊಡಬೇಕು, ಅದೂ ಗೌರವಧನದ ಹೆಸರಿನ ಪುಡಿಗಾಸಲ್ಲ. ಕಟ್ಟಡ, ನೀರು, ಅಡುಗೆಯ ಹೊಣೆ ಪಂಚಾಯಿತಿಗೆ ಬರಲಿ. ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆ ಈ ಬೇಡಿಕೆಯನ್ನೂ ನಡಾವಳಿಯಲ್ಲಿ ಬರೆಸಬಹುದು. ಇದು ಬೇಕಾದವರು ಸಭೆಯವರೆಗೆ ನಡೆದು ಬರಲಾರರು. ಅವರ ಮಗಳು, ಸೊಸೆ, ಪಕ್ಕದ ಮನೆಯವರು ಎದ್ದುನಿಂತು ಕೇಳಬೇಕು.