ಉದುರುವ ಕೂದಲು, ಏರುವ ಜ್ವರ

ನಮ್ಮ ಗೋಕಾಕದ ಸೀಮೆಯಲ್ಲಿ ಕ್ಯಾನ್ಸರಿಗೆ ಕೀಮೋ ಔಷಧ ಹಿಡಿದವರನ್ನು ಕಂಡರೆ ಜನರ ಕಣ್ಣು ಮೊದಲು ತಲೆಯ ಮೇಲೆ ಬೀಳುತ್ತದೆ. ಕೂದಲು ಉದುರಿತೇ ಎಂಬುದೇ ಎಲ್ಲರ ಚಿಂತೆ. ನನ್ನ ತಿಳಿವಿಗೆ ಬಂದಂತೆ, ಅಂಜಬೇಕಾದುದು ಅದಕ್ಕಲ್ಲ. ಔಷಧ ಏರಿಸಿಕೊಂಡು ಮನೆಗೆ ಮರಳಿದ ಮೇಲೆ ಬರುವ ಜ್ವರಕ್ಕೆ.

ಕಾರಣವನ್ನು ಅರಿಯಬೇಕಾದರೆ ಈ ಚಿಕಿತ್ಸೆಯ ಹುಟ್ಟನ್ನು ನೋಡಬೇಕು. ಅದು ಹುಟ್ಟಿದ್ದು ವಿಷದಿಂದ. ಯುದ್ಧದಲ್ಲಿ ಬಳಸಿದ ಸಾಸಿವೆ ಅನಿಲವು ರಕ್ತದ ಬಿಳಿಯ ಕಣಗಳನ್ನು ಕುಗ್ಗಿಸುವುದನ್ನು ವಿಜ್ಞಾನಿಗಳು ಕಂಡಿದ್ದರು. ಅದರ ಸಂಬಂಧಿಯಾದ ನೈಟ್ರೋಜನ್ ಮಸ್ಟರ್ಡನ್ನು 1942ರಲ್ಲಿ ಅಮೇರಿಕೆಯ ಯೇಲ್ ವಿಶ್ವವಿದ್ಯಾಲಯದಲ್ಲಿ ರೋಗಿಯೊಬ್ಬನಿಗೆ ಕೊಟ್ಟರು. ಗಂಟುಗಳು ಕೆಲಕಾಲ ಕರಗಿದವು. ಅದರೊಡನೆ ಬಿಳಿಯ ಕಣಗಳೂ ಕುಸಿದವು.

ಇಂದಿನ ಔಷಧಗಳು ಎಷ್ಟು ಪಳಗಿದ್ದರೂ ಈ ಇಬ್ಬಾಯಿಯ ಗುಣ ಪೂರ್ತಿಯಾಗಿ ಹೋಗಿಲ್ಲ. ಬೇಗ ಬೇಗ ಒಡೆದು ಬೆಳೆಯುವ ಜೀವಕೋಶಗಳಿಗೆ ಅವುಗಳ ಪೆಟ್ಟು ಹೆಚ್ಚು. ರೋಗದ ಕೋಶಗಳಂತೆ ಕೂದಲ ಬುಡ, ಬಾಯಿ ಮತ್ತು ಕರುಳಿನ ಒಳಪದರ, ಎಲುಬಿನ ಮಜ್ಜೆ ಇವೂ ಆ ಬಗೆಯವೇ. ಕೂದಲು ಉದುರುವುದೂ ಬಾಯಲ್ಲಿ ಹುಣ್ಣಾಗುವುದೂ ಹೊಟ್ಟೆ ಕೆಡುವುದೂ ಇದರಿಂದಲೇ. ಕೆಲವು ಔಷಧಗಳ ಅಪಾಯ ಇನ್ನೂ ಆಳವಾದುದು: ಡಾಕ್ಸೋರುಬಿಸಿನ್ ಹೃದಯವನ್ನು ದುರ್ಬಲಗೊಳಿಸಬಹುದು, ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೂ ಕಿವಿಗೂ ಕುತ್ತು ತರಬಹುದು. ಇವನ್ನು ವೈದ್ಯರು ಪರೀಕ್ಷೆಗಳಿಂದ ಕಾಯುತ್ತಾರೆ. ವಾಕರಿಕೆಗೆ ಒಳ್ಳೆಯ ಗುಳಿಗೆಗಳುಂಟು. ಕೂದಲು ಸಾಮಾನ್ಯವಾಗಿ ಮರಳಿ ಬರುತ್ತದೆ.

ಮಜ್ಜೆಯ ಮಾತು ಬೇರೆ. ಅಲ್ಲಿ ಕಾವಲು ಮನೆಯವರದು. ಔಷಧ ಕೊಟ್ಟ 7ರಿಂದ 14 ದಿನಗಳ ಹೊತ್ತಿಗೆ ಬಿಳಿಯ ಕಣಗಳು ಬಹುಮಟ್ಟಿಗೆ ತೀರ ಇಳಿದಿರುತ್ತವೆ. ಆಗ ಸಣ್ಣ ಸೋಂಕೂ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಎರವಾದೀತು. ಕೀವು ಕಟ್ಟುವುದಕ್ಕೂ ಬಿಳಿಯ ಕಣ ಬೇಕಷ್ಟೆ! ಅದೂ ಇಲ್ಲದಾಗ ಎಷ್ಟೋ ಸಲ ಜ್ವರವೊಂದೇ ಕುರುಹು. ಮೈಕಾವು 100.4 ಡಿಗ್ರಿ ಮುಟ್ಟಿತೆಂದರೆ ಜ್ವರದ ಗುಳಿಗೆ ನುಂಗಿ ಬೆಳಗಿನ ಬಸ್ಸಿಗೆ ಕಾಯುವುದು ಸಲ್ಲದು. ಹುಬ್ಬಳ್ಳಿಯ ನವನಗರದಲ್ಲಿಯೋ ಬೆಳಗಾವಿಯಲ್ಲಿಯೋ ಚಿಕಿತ್ಸೆ ಪಡೆದವರು ಅಲ್ಲಿಯ ವೈದ್ಯರಿಗೆ ಕೂಡಲೇ ಫೋನು ಮಾಡಬೇಕು. ರಾತ್ರಿಯಾದರೂ ಹತ್ತಿರದ ಆಸ್ಪತ್ರೆಗೆ ಹೋಗಿ ಚಿಕಿತ್ಸೆಯ ಕಾಗದಗಳನ್ನು ತೋರಿಸಬೇಕು. ಸೋಂಕುನಾಶಕ ಔಷಧ ಒಂದು ಗಂಟೆಯೊಳಗೆ ನರಕ್ಕೆ ಇಳಿದರೆ ಬದುಕುವ ಆಸೆ ಬಲಗೊಳ್ಳುತ್ತದೆ.

ಬೇನೆ ಬಿದ್ದವರನ್ನು ಮಾತಾಡಿಸಿ ಬರುವುದು ನಮ್ಮ ಕಡೆಯ ಹಿರಿಯ ಧರ್ಮ. ಅದು ಉಳಿಯಲಿ. ಆದರೆ ಕೆಮ್ಮು ನೆಗಡಿಯುಳ್ಳವರು ಆ ದಿನಗಳಲ್ಲಿ ದೂರವಿರುವುದೂ ಧರ್ಮವೇ. ಉಳಿದವರು ಕರದಂಟಿನ ಪೊಟ್ಟಣದೊಂದಿಗೆ ಒಂದು ಥರ್ಮಾಮೀಟರನ್ನೂ ಒಯ್ಯಲಿ. ಹುಣ್ಣಾದ ಬಾಯಿಗೆ ಕರದಂಟು ಸೇರದಿರಬಹುದು; ಥರ್ಮಾಮೀಟರು ಮಾತ್ರ ಜೀವ ಉಳಿಸಬಲ್ಲುದು.