ಬೆಸೆಯುವ ಕಂಪನವೇ ಕಟ್ಟಿಹಾಕಿದಾಗ: ಕೊಲಾಬಾ ಪ್ರಯೋಗಾಲಯದ ಒಂದು ಹರಳಿನ ಕಥೆ

ಡೊಂಬಿವಲಿ: ಇಲ್ಲಿನ ಎಂಐಡಿಸಿ ಪರಿಸರದ ಕಾರ್ಖಾನೆಗಳಲ್ಲಿ ದುಡಿದ ಕನ್ನಡಿಗರಿಗೆ ಬಿಸಿಯೇರುವ ಮೋಟಾರು, ಟ್ರಾನ್ಸ್‌ಫಾರ್ಮರುಗಳು ಹೊಸತೇನಲ್ಲ. ತಂತಿಯಲ್ಲಿ ಹರಿಯುವ ವಿದ್ಯುತ್ತಿನ ಒಂದು ಪಾಲು ಹೀಗೆ ಬಿಸಿಯಾಗಿ ಪೋಲಾಗುತ್ತದೆ. ಎಳ್ಳಷ್ಟೂ ನಷ್ಟವಿಲ್ಲದೆ ವಿದ್ಯುತ್ ಹರಿಯುವ ಗುಣಕ್ಕೆ ಅತಿವಾಹಕತೆ, ಅಂದರೆ ಸೂಪರ್‌ಕಂಡಕ್ಟಿವಿಟಿ ಎಂದು ಹೆಸರು. ಆಸ್ಪತ್ರೆಯ ಎಂಆರ್‌ಐ ಯಂತ್ರದ ಅಯಸ್ಕಾಂತದಲ್ಲಿ ಇದು ಕೆಲಸ ಮಾಡುತ್ತಿದೆ. ಆದರೆ ಅದಕ್ಕೆ ದ್ರವ ಹೀಲಿಯಂನ ಮೈನಸ್ 269 ಡಿಗ್ರಿ ಚಳಿ ಬೇಕು. ಸಾಮಾನ್ಯ ಉಷ್ಣತೆಯಲ್ಲಿ ಇದೇಕೆ ಸಾಧ್ಯವಾಗುತ್ತಿಲ್ಲ?

1911ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಕ್ಯಾಮರ್ಲಿಂಗ್ ಓನ್ಸ್ ಪಾದರಸದಲ್ಲಿ ಈ ಗುಣವನ್ನು ಕಂಡುಹಿಡಿದರು. ಕಾರಣ ತಿಳಿದದ್ದು 1957ರಲ್ಲಿ, ಬಾರ್ಡೀನ್, ಕೂಪರ್ ಮತ್ತು ಶ್ರೀಫರ್ ಅವರಿಂದ. ಹರಳಿನೊಳಗೆ ಇಲೆಕ್ಟ್ರಾನು ಸಾಗುವಾಗ ಸುತ್ತಲಿನ ಪರಮಾಣುಗಳು ಅದರತ್ತ ತುಸು ವಾಲುತ್ತವೆ. ಆ ವಾಲಿಕೆಯ ಸೆಳೆತಕ್ಕೆ ಇನ್ನೊಂದು ಇಲೆಕ್ಟ್ರಾನು ಬರುತ್ತದೆ. ಹೀಗೆ ಫೋನಾನ್ ಎಂಬ ಕಂಪನ ಇಲೆಕ್ಟ್ರಾನುಗಳನ್ನು ಜೋಡಿಯಾಗಿಸುತ್ತದೆ. ಜೋಡಿಗಳೆಲ್ಲ ಒಂದಾಗಿ ತಡೆಯಿಲ್ಲದೆ ಹರಿಯುತ್ತವೆ.

ಹಾಗಾದರೆ ಈ ಸೆಳೆತವನ್ನು ಬಲಪಡಿಸಿದರೆ ಸಾಕಲ್ಲವೇ? ತೊಡಕಿರುವುದೇ ಅಲ್ಲಿ. ಸೆಳೆತ ಅತಿಯಾದರೆ ಪರಮಾಣುಗಳು ವಾಲಿದ ಭಂಗಿಯಲ್ಲೇ ನಿಂತುಬಿಡಬಹುದು. ಇಲೆಕ್ಟ್ರಾನುಗಳೂ ಅಲೆಯಾಕಾರದಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಇದಕ್ಕೆ ಚಾರ್ಜ್ ಡೆನ್ಸಿಟಿ ವೇವ್ ಎನ್ನುತ್ತಾರೆ. ಬೆಳಗಿನ ಲೋಕಲಿನಲ್ಲಿ ಸೀಟು ಹಿಡಿದು ಕುಳಿತವರು ಮತ್ತೆ ಅಲುಗಾಡುವುದುಂಟೇ? ಹಾಗೆಯೇ ಇಲ್ಲಿಯೂ ಜೋಡಿಯಾಗಿ ಹರಿಯಲು ಉಳಿಯುವ ಇಲೆಕ್ಟ್ರಾನುಗಳು ಕಡಿಮೆ.

ಈ ಪೈಪೋಟಿಯ ಅಧ್ಯಯನದಲ್ಲಿ ನಮ್ಮ ಮಹಾನಗರದ ಪಾಲೂ ಇದೆ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಹೋಮಿ ಭಾಭಾ 1945ರಲ್ಲಿ ಆರಂಭಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಅದೇ ವರ್ಷ ಅದು ಮುಂಬಯಿಗೆ ಬಂತು. ಇಲ್ಲಿನ ಎಸ್. ರಾಮಕೃಷ್ಣನ್ ಮತ್ತು ಸಂಗಡಿಗರು ಲೈಡನ್‌ನ ವಿಜ್ಞಾನಿಗಳೊಡನೆ ಲುಟೇಷಿಯಂ, ಇರಿಡಿಯಂ, ಸಿಲಿಕಾನ್ ಸೇರಿದ ಹರಳೊಂದನ್ನು ಅಭ್ಯಸಿಸಿ 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ಹರಳು ಮೈನಸ್ 190 ಡಿಗ್ರಿಗೆ ಇಳಿದಾಗ ಇಲೆಕ್ಟ್ರಾನುಗಳ ಒಂದು ಪಾಲು ಸಾಲುಗಟ್ಟಿ ನಿಲ್ಲುತ್ತದೆ. ಮೈನಸ್ 269ರಲ್ಲಿ ಉಳಿದವು ಜೋಡಿಯಾಗುತ್ತವೆ. ಅಮೆರಿಕದ ವಿಜ್ಞಾನಿಗಳು 1986ರಲ್ಲೇ ಇದೇ ವಸ್ತುವನ್ನು ವಾತಾವರಣದ ಸುಮಾರು 20 ಸಾವಿರ ಪಟ್ಟು ಒತ್ತಡದಲ್ಲಿಟ್ಟಿದ್ದರು. ಸಾಲು ಚದುರಿತು, ಅತಿವಾಹಕತೆ ಸುಮಾರು ಮೈನಸ್ 264 ಡಿಗ್ರಿಯಲ್ಲೇ ಕಾಣಿಸಿಕೊಂಡಿತು. ಐದು ಡಿಗ್ರಿ ಅಲ್ಪವೆನಿಸಬಹುದು. ಆದರೆ ಮೈನಸ್ 273ರ ಪರಮ ಶೂನ್ಯದಿಂದ ಎಣಿಸಿದರೆ ಇದು ಇಮ್ಮಡಿಗೂ ಹೆಚ್ಚು.

ಬೆಸೆಯುವ ಕಂಪನವೇ ಕಟ್ಟಿಯೂ ಹಾಕಬಲ್ಲದು ಎಂಬುದಕ್ಕೆ ಈ ಹರಳು ಸಾಕ್ಷಿ. ಬಲವಾದ ಸೆಳೆತ ಬೇಕು, ಆದರೆ ಇಲೆಕ್ಟ್ರಾನುಗಳು ಸಾಲುಗಟ್ಟಿ ನಿಲ್ಲಬಾರದು. 2015ರಲ್ಲಿ ಜರ್ಮನಿಯಲ್ಲಿ ಗಂಧಕ-ಜಲಜನಕದ ಸಂಯುಕ್ತವೊಂದು ಮೈನಸ್ 70 ಡಿಗ್ರಿಯಲ್ಲಿ ಅತಿವಾಹಕವಾಯಿತು. ಅದರ ಜೋಡಿಗಳನ್ನು ಬೆಸೆದದ್ದೂ ಕಂಪನವೇ ಎಂದು ವಿಜ್ಞಾನಿಗಳು ನಂಬುತ್ತಾರೆ. ಆದರೆ ಅದಕ್ಕೆ ವಾತಾವರಣದ ಸುಮಾರು 15 ಲಕ್ಷ ಪಟ್ಟು ಒತ್ತಡ ಬೇಕಾಯಿತು. ಇಂಥ ಒತ್ತಡದಲ್ಲಿ ಕಾರ್ಖಾನೆಗೆ ತಂತಿ ಎಳೆಯಲಾದೀತೇ? ಒತ್ತಡವಿಲ್ಲದೆಯೂ ಜೋಡಿಗಳು ಮೇಲುಗೈ ಪಡೆಯುವ ವಸ್ತು ದೊರೆತ ದಿನ ಎಂಐಡಿಸಿಯ ವಿದ್ಯುತ್ ಬಿಲ್ಲೂ ಇಳಿದೀತು.